ಮೂರು ಶಿಫ್ಟಿನ ಹೂವು

ನಮ್ಮ ಮಾವನಿಗೆ ಒಳ್ಳೆಯ ಹೂವು ಕಂಡರೆ ಆಗುವುದಿಲ್ಲ. ಹೊಟ್ಟೆಪಾಡಿಗೆ ಅವನು ಹಿಡಿದಿದ್ದು ಹೂದೋಟದ ಮಾಲಿಯ ಕೆಲಸ ಎಂದು ಗೊತ್ತಾದ ಮೇಲಂತೂ ನೀವು ಇದನ್ನು ನಂಬುವುದೇ ಇಲ್ಲ. ಆದರೆ ಈಜು ಬಾರದ ಅಂಬಿಗ ಇರಬಹುದಾದರೆ, ಸಿಹಿ ಮುಟ್ಟದ ಮಿಠಾಯಿ ಅಂಗಡಿಯವನು ಇರಬಹುದಾದರೆ, ಇವನೂ ಇರಬಹುದಲ್ಲವೆ? ನೂರು ಗುಲಾಬಿ ಒಂದೇ ಸಮನೆ ಅರಳಿ ನಿಂತ ಪಾತಿಯನ್ನು ಅವನು ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಜನರನ್ನು ದಾಟುವ ಹಾಗೆ ದಾಟಿಹೋಗುತ್ತಾನೆ. ನೂರಾ ಒಂದನೆಯದು ಸೊಟ್ಟಗಿರಬೇಕು. ಅದರ ನಡುವಿನಿಂದ ಒಂದು ಹಸಿರು ಕಡ್ಡಿ ಎದ್ದು, ಆ ಕಡ್ಡಿಯ ತುದಿಯಲ್ಲಿ ಇನ್ನೊಂದು ಮೊಗ್ಗು ಕೂತಿರಬೇಕು. ಅಂಥದ್ದು ಕಂಡರೆ ಮುಗಿಯಿತು. ಕುಕ್ಕರುಗಾಲಿನಲ್ಲಿ ಕೂತು ಬೀಡಿ ಹಚ್ಚುತ್ತಾನೆ. ಊಟಕ್ಕೆ ಕರೆದರೂ ಏಳುವುದಿಲ್ಲ.

ಮಾವ ಎಂದರೆ ನನ್ನ ಅವ್ವನ ತಮ್ಮ. ಹೆಸರು ಬರೆಯುವುದಿಲ್ಲ. ಅವನಿಗೆ ಓದಲು ಬರುವುದಿಲ್ಲ, ಅದರ ಭಯವಿಲ್ಲ. ಆದರೆ ಓದಿ ಹೇಳುವ ಹಿತೈಷಿಗಳು ನಮ್ಮೂರು ಜಿಗಣಿಯಲ್ಲಿ ಬೇಕಾದಷ್ಟಿದ್ದಾರೆ. ನಾನು ಎಂದರೆ ನಮ್ಮ ವಂಶದಲ್ಲಿ ಮೊತ್ತಮೊದಲು ಡಿಗ್ರಿ ಮಾಡಿದವಳು. ಬರೀ ಡಿಗ್ರಿಯಲ್ಲ, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಎಂದುಕೊಳ್ಳಿ, ಬೇಸರವಿಲ್ಲ. ಮುಂದೆ ನಡೆದ ಅನಾಹುತಕ್ಕೆಲ್ಲ ಮೂಲ ಆ ಜಂಬವೇ ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಾವ ಮಾಲಿಯಾದದ್ದು ತನ್ನ ಸ್ವಂತ ಹೊಲದಲ್ಲಿ. ಕೈಗಾರಿಕಾ ಪ್ರದೇಶ ಮಾಡಲು ನಮ್ಮ ಕಡೆ ಜಮೀನು ಹಿಡಿದುಕೊಂಡಾಗ ಅವನ ರಾಗಿ ಹೊಲವೂ ಹೋಯಿತು. ಅದರ ಮೇಲೆ ಲಾರಿಗಳಿಗೆ ಸ್ಪ್ರಿಂಗು ಮಾಡುವ ಕಾರ್ಖಾನೆ ಎದ್ದಿತು. ಜಮೀನು ಕೊಟ್ಟ ಮನೆಗೊಂದು ಕೆಲಸ ಎಂದು ಮಾತಾಗಿತ್ತು. ಕೆಲಸ ಕೊಡಲು ಕೂತವರು ಇವನನ್ನು ನಿನಗೇನು ಬರುತ್ತದೆ ಎಂದು ಕೇಳಿದರಂತೆ. ಇವನು ರಾಗಿ ಬರುತ್ತದೆ ಎಂದನಂತೆ. ಅವರು ಒಂದಿಷ್ಟು ಯೋಚಿಸಿ, ರಾಗಿ ಬೇಡ, ಲಾನು ಬೆಳೆಸು ಎಂದರು. ಅಪ್ಪ, ತಾತ ಎಲ್ಲರೂ ಹುಲ್ಲು ಕಿತ್ತು ಬದುಕಿದ ನೆಲದಲ್ಲಿ ಇವನು ಹುಲ್ಲು ನೆಟ್ಟು ಸಂಬಳ ತೆಗೆದುಕೊಳ್ಳಲು ಶುರುಮಾಡಿದ!

ಆದರೂ ಅವನಿಗೆ ಅದರಲ್ಲಿ ಒಂದು ಸಮಾಧಾನವಿತ್ತು. ಎದೆಯ ಮೇಲೆ ಗೇಟ್ ಪಾಸು ಸಿಕ್ಕಿಸಿಕೊಂಡರೆ ದಿನವೂ ತನ್ನ ಹೊಲಕ್ಕೆ ಹೋಗಿಬರಬಹುದು. ಜಮೀನು ಕಳೆದುಕೊಂಡ ಬೇರೆಯವರು ಕಾಂಪೌಂಡಿನಾಚೆ ನಿಂತು ನಮ್ಮ ಹುಣಸೆಮರ ಇಲ್ಲೇ ಎಲ್ಲೋ ಇತ್ತು ಎಂದು ಅಂದಾಜು ಮಾಡುತ್ತಿದ್ದರು. ಮಾವನಿಗೆ ಅಂದಾಜು ಬೇಕಿರಲಿಲ್ಲ. ಮುಚ್ಚಿಹೋದ ಬಾವಿಯ ಮೇಲೆ ಕ್ಯಾಂಟೀನು, ಹುರುಳಿ ಹಾಕುತ್ತಿದ್ದ ಮೂಲೆಯಲ್ಲಿ ಸೈಕಲ್ ಸ್ಟ್ಯಾಂಡು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಆ ಪಾಸು ಒಂದು ಹೋದರೆ ತಾನೂ ಕಾಂಪೌಂಡಿನಾಚೆಯವನೇ ಎಂಬುದು ಅವನಿಗೆ ಗೊತ್ತಿತ್ತು. ಸ್ನಾನಕ್ಕೆ ಹೋಗುವಾಗ ಅದನ್ನು ಅತ್ತೆಯ ಕೈಗೆ ಕೊಟ್ಟು ಹೋಗುತ್ತಿದ್ದ.

ಜನರಲ್ ಮ್ಯಾನೇಜರ್ ಸಾಹೇಬರು ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ. ಅವರ ರೂಮಿಗೆ ಕರೆದಾಗಲೆಲ್ಲ ಮಾವ ಚಪ್ಪಲಿಯನ್ನು ಹೊರಗೆ ಬಿಟ್ಟು, ಬಗ್ಗಿ ಹೊಸ್ತಿಲು ಮುಟ್ಟಿ ಒಳಗೆ ಹೋಗುತ್ತಿದ್ದ. ಸಾಹೇಬರಿಗೆ ಮುಜುಗರ. ಬ್ಯಾಡಪಾ, ನಾನೇನು ದೇವರಲ್ಲ ಎಂದು ಎಷ್ಟೋ ಸಲ ಹೇಳಿದರು. ಆಮೇಲಾಮೇಲೆ ಅವರಿಗೂ ಅದು ರೂಢಿಯಾಗಿ, ಹಿರಿಯರಿಗೆ ಮರ್ಯಾದೆ ಕೊಡುವುದನ್ನು ನಮ್ಮ ಮಾಲಿಯನ್ನು ನೋಡಿ ಕಲಿಯಿರಿ ಎಂದು ಟ್ರೇನಿ ಹುಡುಗರಿಗೆ ಬುದ್ಧಿ ಹೇಳುತ್ತಿದ್ದರಂತೆ. ಪಾಪ, ಅವರಿಗೇನು ಗೊತ್ತು? ಅವರ ರೂಮು ಕಟ್ಟಿರುವುದು ಮಾವನ ಕಣದ ಮೇಲೆ. ರಾಗಿ ರಾಶಿ ಹಾಕಿ ಪೂಜೆ ಮಾಡುತ್ತಿದ್ದ ಜಾಗದಲ್ಲಿ ಚಪ್ಪಲಿ ಹಾಕಿಕೊಂಡು ಯಾರಾದರೂ ನಡೆಯುತ್ತಾರೆಯೆ? ಸಾಹೇಬರು ಬೂಟು ಹಾಕಿಕೊಂಡೇ ಕಣದ ನಟ್ಟನಡುವೆ ಕೂರುತ್ತಾರಲ್ಲ ಎಂದು ಮಾವನಿಗೆ ಅವರ ಮೇಲೆ ಮರುಕ. ಪ್ರತಿ ಸಂಕ್ರಾಂತಿಗೂ ಅವರ ಕಿಟಕಿಯ ಹೊರಗೆ ಒಂದು ಕರ್ಪೂರ ಹಚ್ಚಿ, ಅವರ ಪರವಾಗಿ ತಪ್ಪೊಪ್ಪಿಕೊಂಡು ಬರುತ್ತಿದ್ದ.

ಇಂಥವನ ಕೈಯಲ್ಲಿ ತೋಟ ಹೇಗಿದ್ದೀತು? ಮುಂಭಾಗವೇನೋ ಚೆನ್ನಾಗಿಯೇ ಇತ್ತು. ಹಿಂಭಾಗದಲ್ಲಿ, ಕ್ಯಾಂಟೀನಿನ ಪಾತ್ರೆ ತೊಳೆದ ನೀರು ಹರಿಯುವಲ್ಲಿ, ಒಂದು ಉದ್ದನೆಯ ಪಾತಿ ಇತ್ತು. ಕೆಲಸಗಾರರು ಅದನ್ನು ಹುಚ್ಚಾಸ್ಪತ್ರೆ ಎಂದು ಕರೆಯುತ್ತಿದ್ದರು. ಬೇರೆ ಮಾಲಿಗಳು ಕಿತ್ತು ಬಿಸಾಡುವ ಗಿಡಗಳನ್ನೆಲ್ಲ ಮಾವ ತಂದು ಅಲ್ಲಿ ನೆಡುತ್ತಿದ್ದ. ಕೋಳಿಯ ಹೊಟ್ಟೆಯಡಿಯಿಂದ ಮರಿಗಳು ಇಣುಕುವ ಹಾಗೆ ಒಂದೇ ಹೂವಿನ ಬುಡದಿಂದ ಏಳೆಂಟು ಪುಟ್ಟ ಹೂಗಳನ್ನು ಹೊರಡಿಸುವ ಚೆಂಡುಹೂವು. ಗಂಡು ಮರವಾಗಿಯೂ ಉದ್ದ ದಾರಕ್ಕೆ ಕಾಯಿ ನೇತುಹಾಕಿಕೊಂಡು ನಿಂತ ಪರಂಗಿ. ನಡುವೆ ಕೇಸರದ ಕಂಬವೇ ಇಲ್ಲದೆ ಎಸಳ ಮೇಲೆ ಎಸಳು ತುರುಕಿಕೊಂಡ ದಾಸವಾಳ. ಟೀ ಹೊತ್ತಿನಲ್ಲಿ ಅಲ್ಲಿಗೆ ಬಂದು ನಿಂತವರು ಅಣ್ಣ, ನಮ್ ಸೂಪರ್‌ವೈಸರ್‌ನೂ ಇಲ್ಲೇ ಒಂದ್ಕಡೆ ನೆಟ್ಬಿಡು ಎನ್ನುತ್ತಿದ್ದರು. ಮಾವ ನಗುತ್ತಿರಲಿಲ್ಲ. ಜಾಗವಿಲ್ಲ ಎನ್ನುತ್ತಿದ್ದ.

ಅವನ ಈ ಚಟದಿಂದ ನನಗೆ ಬಂದ ಒಂದು ಸಂಬಂಧವೂ ತಪ್ಪಿತು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಸರ್ಜಾಪುರದಿಂದ ಹೆಣ್ಣು ನೋಡಲು ಬಂದಿದ್ದರು. ತಲೆಗೆ ಮುಡಿಸಲು ಒಂದು ಒಳ್ಳೆಯ ಗುಲಾಬಿ ತಾ ಎಂದು ಅವ್ವ ತಮ್ಮನಿಗೆ ಹೇಳಿದ್ದಳು. ಅವಳಿಗೆ ಬುದ್ಧಿ ಬೇಡವೆ? ಮಾವ ತನ್ನ ಲೆಕ್ಕದಲ್ಲಿ ಅತ್ಯುತ್ತಮವಾದದ್ದನ್ನೇ ತಂದ. ಹೂವಿನ ನೆತ್ತಿಯಿಂದ ಗೇಣುದ್ದ ಹಸಿರು ಕಡ್ಡಿ, ಅದರ ತುದಿಗೆ ಇನ್ನೊಂದು ಮೊಗ್ಗು. ಬೇರೆ ಹೂವು ಹುಡುಕಲು ಹೊತ್ತಿಲ್ಲದೆ ಅದನ್ನೇ ಮುಡಿಸಿದರು. ನಾನು ತಲೆ ಬಗ್ಗಿಸಿ ಕಾಫಿ ಕೊಡುವಾಗ ಆ ಕಡ್ಡಿ ಗಂಡಿನ ಮೂಗಿಗೆ ತಗುಲಿತು. ಗಂಡಿನ ತಾಯಿ ಹೂವನ್ನೇ ನೋಡುತ್ತ, ನಿಮ್ಮ ಕಡೆ ಇದು ಪದ್ಧತಿಯೋ ಎಂದು ಕೇಳಿದರು. ಮಾವ ಬಾಗಿಲ ಬಳಿ ನಿಂತಿದ್ದವನು ಸಂತೋಷದಿಂದ ಮುಂದೆ ಬಂದು, ಇಂಥದ್ದು ಸಾವಿರಕ್ಕೆ ಒಂದು ಸಿಕ್ಕುತ್ತದೆ ಎಂದು ವಿವರಿಸತೊಡಗಿದ. ಅವರು ಉಪ್ಪಿಟ್ಟು ಮುಗಿಸದೆ ಎದ್ದರು.

ಅವ್ವ ಮೂರು ತಿಂಗಳು ತಮ್ಮನ ಜೊತೆ ಮಾತು ಬಿಟ್ಟಳು. ನಾನು ಬಿಡಲಿಲ್ಲ. ನನಗೆ ಎಂ.ಎಸ್ಸಿ. ಓದುವ ಆಸೆಯಿತ್ತಲ್ಲ!

ಅಲ್ಲದೆ ನಾನು ಕಾಲೇಜು ಮೆಟ್ಟಿಲು ಹತ್ತಿದ್ದೇ ಅವನಿಂದ. ಹತ್ತನೇ ಕ್ಲಾಸು ಮುಗಿದಾಗ ಅಪ್ಪ ನನ್ನನ್ನು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹಾಕಲು ಮಾತಾಡಿ ಬಂದಿದ್ದ. ಮಾವ ಬಂದು ನಮ್ಮ ಜಗಲಿಯ ಮೇಲೆ ಕೂತ. ಊಟ ಬೇಡ, ನೀರು ಬೇಡ. ಎರಡನೆಯ ದಿನ ಅಪ್ಪನೇ ಸೋತು ಏನು ನಿನ್ನ ಗೋಳು ಎಂದ. ಹೆಣ್ಣುಮಕ್ಕಳ ವಿದ್ಯೆ, ಮುಂದುವರಿಕೆ, ಅಂಥ ಮಾತೆಲ್ಲ ಮಾವನ ಬಾಯಲ್ಲಿ ಬರಲಿಲ್ಲ.

"ಊವು ಯಾಕೆ ದಾರಿ ತಪ್ತದೆ ಅಂತ ಕೇಳಾಕೆ ಮನೇಲಿ ಒಬ್ರು ಓದ್ದೋರು ಬ್ಯಾಡ್ವಾ ಭಾವ?" ಎಂದ.

ಅಪ್ಪ ನನ್ನನ್ನು ಕಾಲೇಜಿಗೆ ಸೇರಿಸಿದ್ದು ಈ ಪ್ರಶ್ನೆಗೆ ಹೆದರಿಯೇ ಇರಬೇಕು.

ಅಲ್ಲಿಂದ ಶುರುವಾಯಿತು ನನ್ನ ಪೀಡೆ. ಪ್ರತಿ ರಜೆಗೂ ಮಾವ ಕಾದು ಕೂತಿರುತ್ತಿದ್ದ. ಹೇಳಿಕೊಟ್ಟರೇ ಎಂದು ಕೇಳುತ್ತಿದ್ದ. ಇಲ್ಲ ಮಾವ, ಅದು ಪೋರ್ಷನ್ನಿನಲ್ಲಿಲ್ಲ ಎನ್ನುತ್ತಿದ್ದೆ. ನಾನು ಕಲಿತದ್ದು ಹೂವಿನ ಕುಟುಂಬಗಳ ಹೆಸರು, ಅಡ್ಡಸೀಳಿನ ಚಿತ್ರ, ಮೂರು ಬಣ್ಣದ ಪೆನ್ಸಿಲು. ಪಿ.ಯು.ಸಿ. ಎರಡು ವರ್ಷ, ಬಿ.ಎಸ್ಸಿ. ಮೂರು ವರ್ಷ ಇದೇ ಉತ್ತರ. ಸರ್ಕಾರ ಇಷ್ಟು ದೊಡ್ಡ ಕಾಲೇಜು ಕಟ್ಟಿಸಿ ಹೂವಿನ ವಿಷಯ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿಕೊಡುತ್ತದಲ್ಲ ಎಂದು ಅವನು ಅತ್ತೆಯ ಮುಂದೆ ಅತ್ತುಕೊಂಡನಂತೆ.

ಉತ್ತರ ಸಿಕ್ಕಿದ್ದು ಎಂ.ಎಸ್ಸಿ. ಎರಡನೆಯ ವರ್ಷ. ನಮ್ಮ ಮೇಷ್ಟರೊಬ್ಬರು ಹೊರದೇಶದ ಹೊಸ ಸಂಶೋಧನೆಯ ಜೆರಾಕ್ಸ್ ಹಾಳೆ ತಂದು ಪಾಠ ಮಾಡಿದರು. ಸಾಸಿವೆಯ ಜಾತಿಯ ಒಂದು ಪುಟ್ಟ ಕಳೆಗಿಡದಲ್ಲಿ ಹೂವನ್ನು ರೂಪಿಸುವ ಜೀನುಗಳನ್ನು ಹಿಡಿದಿದ್ದರು. ಯಾವ ಜಾಗದಲ್ಲಿ ಏನು ಬೆಳೆಯಬೇಕೆಂದು ಆಜ್ಞೆ ಕೊಡುವುದೇ ಅವುಗಳ ಕೆಲಸ. ಅವುಗಳಲ್ಲಿ ಮೂರು ಗುಂಪು. ಹೆಸರು ಎ, ಬಿ, ಸಿ. ಬೆಂಚಿನ ಮೇಲೆ ಕೂತಿದ್ದ ನನ್ನ ಮೈ ಜುಮ್ಮೆಂದಿತು. ಮಾವನ ಕಾರ್ಖಾನೆಯ ಶಿಫ್ಟುಗಳೂ ಎ, ಬಿ, ಸಿ ಅಲ್ಲವೆ?

ಆ ಶನಿವಾರವೇ ಹಾಳೆಯನ್ನು ಎದೆಗವಚಿಕೊಂಡು ಜಿಗಣಿ ಬಸ್ಸು ಹತ್ತಿದೆ. ಮಾವ ಸೆಕ್ಯೂರಿಟಿಯವರಿಗೆ ಹೇಳಿ ನನ್ನನ್ನು ಒಳಗೆ ಬಿಡಿಸಿಕೊಂಡ. ಕ್ಯಾಂಟೀನಿನ ಹಿಂದಿನ ಕಲ್ಲಿನ ಮೇಲೆ ಅವನನ್ನು ಕೂರಿಸಿ ಪಾಠ ಶುರುಮಾಡಿದೆ. ಹೂವೆಂದರೆ ಹೊರಗಿನಿಂದ ಒಳಕ್ಕೆ ನಾಲ್ಕು ಸುತ್ತು. ಎ ಶಿಫ್ಟಿನವರು ಮಾತ್ರ ಇರುವ ಕಡೆ ಹೊರಗಿನ ಹಸಿರು ಬಟ್ಟಲು. ಎ ಹೊರಡುವ ಮುಂಚೆ ಬಿ ಬಂದು ಇಬ್ಬರೂ ಕೂಡಿ ದುಡಿದ ಕಡೆ ಬಣ್ಣದ ಎಸಳು. ಬಿ ಮತ್ತು ಸಿ ಕೂಡಿದ ಕಡೆ ಕೇಸರ. ಕೊನೆಗೆ ಸಿ ಒಬ್ಬರೇ ಉಳಿದ ಕಡೆ, ನಟ್ಟನಡುವೆ, ಬೀಜದ ಗೂಡು. ಕಚ್ಚಾ ಮಾಲು ಎಲ್ಲಕ್ಕೂ ಒಂದೇ, ಎಲೆ.

ಮಾವ ಬೀಡಿ ಹಚ್ಚುವುದನ್ನೇ ಮರೆತು ಕೂತಿದ್ದ. ಆಮೇಲೆ ಕೇಳಿದ.

"ಸಿ ಶಿಫ್ಟಿನೋರು ಬರ್ದೇ ಓದ್ರೆ?"

"ಎ ಶಿಫ್ಟಿನವರು ಮನೆಗೆ ಹೋಗಲ್ಲ ಮಾವ, ಓವರ್‌ಟೈಮ್ ಮಾಡ್ತಾರೆ. ಕೇಸರ ಇರಬೇಕಾದ ಕಡೆ ಎಸಳು. ಬೀಜದ ಗೂಡಿರಬೇಕಾದ ಕಡೆ ಇನ್ನೊಂದು ಹೂವು."

ಅವನು ಎದ್ದು ನನ್ನ ರಟ್ಟೆ ಹಿಡಿದು ದಾಸವಾಳದ ಹತ್ತಿರ ಎಳೆದುಕೊಂಡು ಹೋದ. ಒಂದು ಹೂವನ್ನು ಅಂಗೈಯಲ್ಲಿ ಹಿಡಿದು ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದ. ಕೊನೆಯವರೆಗೂ ಬರೀ ಎಸಳು. "ಸಿ ಶಿಫ್ಟು ಬಂದಿಲ್ಲ," ಎಂದ. ಆಮೇಲೆ ಆ ಗಿಡದ ತಲೆ ಸವರಿದ.

ಗೆದ್ದ ಅಮಲಿನಲ್ಲಿ ನಾನು ಪಾಠ ಮುಂದುವರಿಸಿದೆ. ಒಂದಾನೊಂದು ಕಾಲದಲ್ಲಿ ಭೂಮಿಯ ಮೇಲೆ ಹೂವೇ ಇರಲಿಲ್ಲ, ಜರಿಗಿಡಗಳಂಥವು ಮಾತ್ರ ಇದ್ದವು. ಆದರೆ ಈ ಮೇಸ್ತ್ರಿ ಜೀನುಗಳ ವಂಶದವು ಆಗಲೇ ಇದ್ದು ಬೇರೆ ಏನೋ ಕೆಲಸ ಮಾಡಿಕೊಂಡಿದ್ದವು. ಯಾವಾಗಲೋ ಒಂದಿದ್ದ ಕಡೆ ಎರಡಾದವು. ಒಬ್ಬ ಹಳೆಯ ಕೆಲಸ ನೋಡಿಕೊಂಡ, ಹೆಚ್ಚಾದವನು ಹೊಸ ಕೆಲಸ ಹಿಡಿದ. ಹೊಸ ಆಕಾರ ಬರಲು ಹೊಸ ಕಾರ್ಖಾನೆಯೇ ಬೇಕೆಂದಿಲ್ಲ. ಮೇಸ್ತ್ರಿ ಬರುವ ಹೊತ್ತು ಬದಲಾದರೆ, ನಿಲ್ಲುವ ಜಾಗ ಬದಲಾದರೆ ಸಾಕು, ಗಿಡದ ರೂಪವೇ ಬೇರೆಯಾಗುತ್ತದೆ. ಹೂಕೋಸನ್ನೇ ನೋಡು ಮಾವ, ಅರಳು ಎಂಬ ಆಜ್ಞೆ ಪೂರ್ತಿಯಾಗದೆ ಮೊಗ್ಗಿನ ಮೇಲೆ ಮೊಗ್ಗು ಕಟ್ಟುತ್ತಲೇ ಉಳಿದ ಗಿಡ ಅದು. ಮುಸುಕಿನ ಜೋಳ ಮೊದಲು ಪೊದೆಯಂತೆ ಕವಲೊಡೆಯುವ ಹುಲ್ಲಾಗಿತ್ತು. ಮುಖ್ಯವಾದ ಒಂದೆರಡು ಆಜ್ಞೆ ಬದಲಾಗಿ ಈಗಿನ ಹಾಗೆ ಒಂಟಿ ದಂಟಾಯಿತು.

"ಆ ತಪ್ಪಿದ್ ಗಿಡಾನ ಉಳಿಸ್ದೋರ್ಯಾರು?" ಎಂದು ಮಾವ ಕೇಳಿದ.

"ಯಾರೋ ರೈತರು ಮಾವ, ಸಾವಿರಾರು ವರ್ಷದ ಹಿಂದೆ."

"ಕಿತ್ತಾಕ್ನಿಲ್ವಾ?"

"ಇಲ್ಲ."

ಅವನು ತನ್ನ ಪಾತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ನಾನೊಬ್ನೇ ಅಂದ್ಕಂಡಿದ್ದೆ," ಎಂದ.

ನನ್ನ ಇಡೀ ಓದಿನಲ್ಲಿ ಯಾವ ರ‍್ಯಾಂಕಿನಿಂದಲೂ ಸಿಗದ ಸಂತೋಷ ನನಗೆ ಆ ಒಂದು ಮಾತಿನಿಂದ ಸಿಕ್ಕಿತು. ಅಲ್ಲಿಗೇ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ್ದರೆ ಎಷ್ಟು ಚೆನ್ನಾಗಿತ್ತು! ಓದಿದವರಿಗೆ ಬಾಯಿ ಮುಚ್ಚುವುದನ್ನು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ?

ಆಮೇಲೆ ಮಾವನೇ ಕ್ಯಾಂಟೀನಿನ ಮೇಷ್ಟರಾದ. ಹೂವಿಗೂ ಮೂರು ಶಿಫ್ಟು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಕೆಲಸಗಾರರು ಹಾಗಾದರೆ ಹೂವಿಗೆ ಯೂನಿಯನ್ ಇದೆಯೇ, ವಾರದ ರಜಾ ಯಾವತ್ತು, ಓವರ್‌ಟೈಮಿಗೆ ಡಬಲ್ಲೋ ಸಿಂಗಲ್ಲೋ ಎಂದು ಕಾಡಿದರು. ಅವನು ಎಲ್ಲಕ್ಕೂ ಗಂಭೀರವಾಗಿ, ನಮ್ಮ ಹುಡುಗಿ ಬಂದಾಗ ಕೇಳಿ ಹೇಳುತ್ತೇನೆ ಎನ್ನುತ್ತಿದ್ದ.

ಆ ವರ್ಷದ ಮಳೆ ಮುಗಿಯುವ ಹೊತ್ತಿಗೆ ಹಾಸ್ಟೆಲ್ಲಿಗೆ ಒಂದು ಫೋನು ಬಂತು. ಮಾವ ಎಸ್.ಟಿ.ಡಿ. ಬೂತಿನಿಂದ ವಾರ್ಡನ್ನಿಗೆ ಹೇಳಿದ್ದು ಇಷ್ಟೇ: ನಮ್ಮ ಹುಡುಗಿಗೆ ಬೇಗ ಬರಲು ಹೇಳಿ, ಮೂರು ಶಿಫ್ಟಿನವರೂ ಬಂದಿಲ್ಲ. ವಾರ್ಡನ್ ಮೇಡಂ ನನ್ನನ್ನು ಕರೆದು, ನಿಮ್ಮ ಮಾವನ ಫ್ಯಾಕ್ಟರಿಯಲ್ಲಿ ಸ್ಟ್ರೈಕಂತೆ, ಧೈರ್ಯವಾಗಿರು ಎಂದು ಬೆನ್ನು ತಟ್ಟಿದರು.

ಹೋಗಿ ನೋಡಿದರೆ ಆ ಪಾತಿಯ ಅಂಚಿನಲ್ಲಿ ಒಂದು ನಿತ್ಯಪುಷ್ಪ. ಸ್ಮಶಾನದಲ್ಲೂ ರಸ್ತೆಬದಿಯಲ್ಲೂ ಗುಲಾಬಿ ಬಣ್ಣಕ್ಕೆ ಬಿಡುತ್ತದಲ್ಲ, ಅದೇ. ಆದರೆ ಇದರ ಹೂಗಳು ಹಸಿರು. ಐದು ಎಸಳಿನ ಜಾಗದಲ್ಲಿ ಐದು ಪುಟ್ಟ ಎಲೆ, ಕೇಸರದ ಜಾಗದಲ್ಲಿ ಎಲೆ, ನಡುವೆಯೂ ಎಲೆ. ಮೂರೂ ಗುಂಪಿನ ಜೀನು ಕೆಟ್ಟರೆ ಹೀಗೆಯೇ ಆಗುತ್ತದೆ ಎಂದು ನನ್ನ ಹಾಳೆಯಲ್ಲಿ ಅಚ್ಚಾಗಿತ್ತು. ಪುಸ್ತಕದ ಚಿತ್ರ ಎದ್ದು ಬಂದು ಜಿಗಣಿಯಲ್ಲಿ ಬೇರು ಬಿಟ್ಟಿದೆ! ನಾನು ಕುಣಿಯುವುದೊಂದು ಬಾಕಿ.

ಅತ್ತೆ ಅದೇ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು, ಬಗ್ಗಿ, ಎಲೆ ಮಗುಚಿ ನೋಡಿದಳು.

"ಇದು ರೋಗ ಕಣವ್ವ," ಎಂದಳು. "ಬದ್ನೆ ಗಿಡಕ್ಕೆ ಬರ್ತದಲ್ಲ, ಎಲೆ ಸಣ್ಕಾಗಿ ಕಾಯೇ ಬಿಡಲ್ಲ, ಅದೇ ಜಾತೀದು. ಕಿತ್ತು ಸುಟ್ಟಾಕಿ."

"ಅತ್ತೆ, ನೀನು ಸುಮ್ನಿರು. ನಿಂಗಿದೆಲ್ಲ ಗೊತ್ತಾಗಲ್ಲ," ಎಂದೆ.

ಹೌದು, ಹಾಗೇ ಅಂದೆ. ಮೂವತ್ತು ವರ್ಷ ಬದನೆ ಬೆಳೆದವಳಿಗೆ ನಾನು, ಕುಂಡದಲ್ಲಿ ತುಳಸಿಯನ್ನೂ ಉಳಿಸಿಕೊಳ್ಳಲಾಗದವಳು, ಹಾಗೆಂದೆ. ಇದು ಹೊಸ ತಳಿ ಮಾವ, ಇದರಲ್ಲಿ ಬೀಜವಾಗುವುದಿಲ್ಲ, ಕಡ್ಡಿ ನೆಟ್ಟು ಉಳಿಸಿಕೋ ಎಂದು ಅಪ್ಪಣೆ ಕೊಟ್ಟೆ.

ಉಳಿಸಿಕೊಳ್ಳುವುದು ಅವನಿಗೆ ಹೇಳಿಕೊಡಬೇಕೆ? ಡಿಸೆಂಬರಿನಲ್ಲಿ ಸುತ್ತಲಿನ ಕಾರ್ಖಾನೆಗಳ ನಡುವೆ ತೋಟದ ಸ್ಪರ್ಧೆ ಇತ್ತು. ಮಾವ ಸಾಹೇಬರ ರೂಮಿಗೆ ಹೋಗಿ, ಇಂಥ ಹೂವು ಬೇರೆ ಯಾವ ಕಾರ್ಖಾನೆಯಲ್ಲೂ ಇಲ್ಲ ಎಂದ. ಸಾಹೇಬರಿಗೂ ಆಸೆ ಹುಟ್ಟಿತು. ಗೇಟಿನಿಂದ ಆಫೀಸಿನವರೆಗೆ ದಾರಿಯ ಎರಡೂ ಕಡೆ ಹಸಿರು ಹೂವಿನ ಕಡ್ಡಿಗಳು ನೆಲ ಕಂಡವು. ಹೊಸ ತಳಿ ಎಂದು ಬೋರ್ಡನ್ನೂ ಬರೆಸಿದರು.

ನವೆಂಬರಿನಲ್ಲಿ ನಾನು ಬಂದಾಗ, ಕಡ್ಡಿಯಿಂದ ಬಂದ ಗಿಡಗಳಷ್ಟೇ ಅಲ್ಲ, ಮೊದಲಿನಿಂದ ಅಲ್ಲಿದ್ದ ಗುಲಾಬಿ ಬಣ್ಣದ ನಿತ್ಯಪುಷ್ಪದ ಗಿಡಗಳೂ ಒಂದೊಂದಾಗಿ ಹಸಿರಾಗುತ್ತಿದ್ದವು. ನನಗೆ ಆಗಲಾದರೂ ಹೊಳೆಯಬೇಡವೆ? ಎಲ್ಲ ಒಂದೇ ವಂಶದವು ಮಾವ, ಒಂದರಲ್ಲಿದ್ದ ಗುಣ ಇನ್ನೊಂದರಲ್ಲೂ ಹೊರಬೀಳುತ್ತಿದೆ ಎಂದು ಏನೋ ಒಂದು ಹೇಳಿದೆ. ಅತ್ತೆ ನೀರಿನ ಕೊಡ ಕೆಳಗಿಟ್ಟಳು.

"ಮಗ ಅಪ್ಪನಂಗೆ ಆದ್ರೆ ವಂಸದ್ ಗುಣ ಅನ್ಬೋದು ಕಣವ್ವ. ಬೆಳ್ದು ನಿಂತಿರೋ ಪಕ್ಕದ್ಮನೆಯವ್ನೂ ಅವ್ನಂಗೇ ಆಗೋದಾದ್ರೆ ಅದು ಅಂಟುಜಾಡ್ಯ ಅಲ್ವಾ?"

ನಕ್ಕುಬಿಟ್ಟೆ. ನನ್ನ ಎರಡು ವರ್ಷದ ತಳಿಶಾಸ್ತ್ರದ ನೋಟ್ಸಿನಲ್ಲಿ ಇಷ್ಟು ನೇರವಾದ ಮಾತು ಒಂದೂ ಇರಲಿಲ್ಲ, ಆದರೂ ನಕ್ಕೆ. ಆ ವಾರವೇ ಅತ್ತೆಯ ಹಿತ್ತಲಿನ ಬದನೆ ಗಿಡಗಳ ಎಲೆ ಸಣ್ಣದಾಗತೊಡಗಿತ್ತು. ಅವಳು ಅದನ್ನು ನನಗೆ ಹೇಳಲಿಲ್ಲ.

ಸ್ಪರ್ಧೆಯ ದಿನ ನಾನು ಕಾಟನ್ ಸೀರೆಗೆ ಇಸ್ತ್ರಿ ಹಾಕಿ ಉಟ್ಟುಕೊಂಡು ಹೋದೆ. ಮಾವ ಗೇಟಿನಲ್ಲಿ ಸೆಕ್ಯೂರಿಟಿಯವರಿಗೆ ಬೇಡಿಕೊಂಡು ನನ್ನ ಹೆಸರು ಬರೆಸಿ ಇಟ್ಟಿದ್ದ. ಬಂದ ಮೂವರು ಪರೀಕ್ಷಕರಲ್ಲಿ ಒಬ್ಬರು ಸಸ್ಯರೋಗದ ಪಾಠ ಮಾಡಿ ರಿಟೈರಾದ ಹಿರಿಯರು. ಸಾಹೇಬರೂ ಅಕ್ಕಪಕ್ಕದ ಕಾರ್ಖಾನೆಗಳ ಮ್ಯಾನೇಜರುಗಳೂ ಅವರ ಹಿಂದೆ ಗುಂಪಾಗಿ ಬಂದರು. ಹಸಿರು ಹೂವಿನ ಹತ್ತಿರ ಬಂದಾಗ ಹಿರಿಯರು ಬೋರ್ಡು ಓದಿದರು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಒಂದು ಗಿಡದ ಕೆಳಗೆ ಹಿಡಿದು ಗಿಡವನ್ನು ತಟ್ಟಿದರು. ಎಳ್ಳಿಗಿಂತ ಚಿಕ್ಕ ಹುಳುಗಳು ಬಟ್ಟೆಯ ಮೇಲೆ ಬಿದ್ದು ಪಟಪಟ ಜಿಗಿದವು.

ಇದು ತಳಿಯಲ್ಲ, ರೋಗ ಎಂದು ಅವರು ತಣ್ಣಗೆ ಹೇಳಿದರು. ಈ ಜಿಗಿಹುಳು ರೋಗದ ಗಿಡದ ರಸ ಹೀರಿ ಒಳ್ಳೆಯ ಗಿಡಕ್ಕೆ ಮುಟ್ಟಿಸುತ್ತದೆ. ಕಣ್ಣಿಗೆ ಕಾಣದ ಒಂದು ಜೀವಿ ಒಳಗೆ ಸೇರಿ ಹೂವನ್ನು ಎಲೆಯಾಗಿಸುತ್ತದೆ. ಔಷಧಿಯಿಲ್ಲ. ಕಿತ್ತು ಸುಡುವುದೊಂದೇ ದಾರಿ. ತಡ ಮಾಡಿದರೆ ಪಕ್ಕದ ತೋಟಗಳಿಗೂ ಹರಡುತ್ತದೆ.

ಶಿಫ್ಟಿನವರು ಕೆಟ್ಟಿರಲಿಲ್ಲ. ಯಾರೋ ಹೊರಗಿನವರು ಗೇಟಿನಲ್ಲೇ ಅವರನ್ನು ತಡೆದು ವಾಪಸ್ಸು ಕಳಿಸುತ್ತಿದ್ದರು. ಅದು ನನ್ನ ಜೆರಾಕ್ಸ್ ಹಾಳೆಯಲ್ಲಿರಲಿಲ್ಲ. ಅತ್ತೆಯ ತಲೆಯಲ್ಲಿತ್ತು.

ಪಕ್ಕದ ಕಾರ್ಖಾನೆಯ ಮ್ಯಾನೇಜರೊಬ್ಬರು ಬೋರ್ಡನ್ನು ಗಟ್ಟಿಯಾಗಿ ಓದಿ ನಕ್ಕರು. ಸಾಹೇಬರ ಮುಖ ಕಪ್ಪಿಟ್ಟಿತು. ಸಿಟ್ಟು ನುಂಗಿಕೊಂಡು ಮಾವನನ್ನು ಹತ್ತಿರ ಕರೆದರು. ತೋಟದ ಕೆಲಸವನ್ನು ಕಾಂಟ್ರಾಕ್ಟಿಗೆ ಕೊಡಿ ಎಂದು ಹೆಡ್ಡಾಫೀಸಿನಿಂದ ಮೊದಲೇ ಒತ್ತಡವಿತ್ತಂತೆ. ಇಷ್ಟು ದಿನ ಈ ಮನುಷ್ಯನಿಗಾಗಿಯೇ ಅವರು ತಡೆದಿಟ್ಟಿದ್ದರು. ಈಗಲೂ ಅವರು ಒಂದು ದಾರಿ ಬಿಟ್ಟರು.

"ಓದಿದವರು ಯಾರರ ನಿನಗ ಇದು ಹೊಸಾ ತಳಿ ಅಂತ ಹೇಳಿದ್ರ ಅದನ್ನ ಹೇಳಿಬಿಡಪಾ. ಓದಿದವರ ಮಾತು ನಂಬಿದ್ರ ನಿನ್ನ ತಪ್ಪಲ್ಲ. ನಾ ಮ್ಯಾಲಿನವರಿಗೆ ಹಂಗ ಬರೀತೀನಿ," ಎಂದರು. ಹಾಗೆಂದು ನನ್ನ ಕಡೆ ನೋಡಿದರು.

ಎಲ್ಲರೂ ನೋಡಿದರು. ಹೂಂ, ನಮ್ಮ ಹುಡುಗಿ ಹೇಳಿದಳು ಎಂದು ಮಾವ ಒಂದು ಮಾತು ಅಂದಿದ್ದರೆ ಸಾಕಿತ್ತು. ಅದು ನಿಜವೂ ಆಗಿತ್ತು. ಅವನು ಎದೆಯ ಮೇಲಿನ ಪಾಸನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಇವ್ಳು ಮೊದ್ಲೇ ರೋಗ ಅಂದ್ಲು ಸಾರ್. ಕಿತ್ತು ಸುಡು ಮಾವ ಅಂದ್ಲು. ನಾನೇ ಕೇಳ್ನಿಲ್ಲ," ಎಂದ.

ಸಾಹೇಬರಿಗೆ ನಂಬಿಕೆ ಬರಲಿಲ್ಲ. ಕ್ಯಾಂಟೀನಿನ ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ಕರೆದು ಹೌದೇನವಾ ಎಂದು ಕೇಳಿದರು. ಅತ್ತೆ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಊಂ ಸಾರ್. ಮೊದ್ಲೇ ಯೋಳಿದ್ಲು ಹುಡ್ಗಿ," ಎಂದಳು.

ಹಿರಿಯ ಪರೀಕ್ಷಕರು ಮೆಚ್ಚುಗೆಯಿಂದ ನನ್ನ ಕಡೆ ತಿರುಗಿ, ಈ ರೋಗವನ್ನು ನೋಡಿದ ಕೂಡಲೇ ಗುರುತಿಸುವುದು ಕಷ್ಟ, ಯಾವ ಕಾಲೇಜಮ್ಮ ಎಂದು ಕೇಳಿದರು. ನಾನು ಬಾಯಿ ತೆರೆದೆ. ಏನು ಹೇಳಬೇಕೆಂದು ತೆರೆದೆನೋ ಈಗಲೂ ನನಗೆ ಗೊತ್ತಿಲ್ಲ. ಹೊರಗೆ ಬಂದದ್ದು ಕಾಲೇಜಿನ ಹೆಸರು.

ಮಧ್ಯಾಹ್ನದೊಳಗೆ ಎಲ್ಲವನ್ನೂ ಕೀಳಬೇಕೆಂದು ಆಜ್ಞೆಯಾಯಿತು. ದಾರಿಯ ಎರಡು ಬದಿಯಷ್ಟೇ ಅಲ್ಲ, ಹಿಂದಿನ ಪಾತಿಯನ್ನೂ. ದಾಸವಾಳಕ್ಕೆ ರೋಗವಿಲ್ಲ ಸಾರ್, ಅದು ನಿಜವಾಗಲೂ ಜೀನಿನದು ಎಂದು ನಾನು ಹೋಗಿ ಹೇಳಿದೆ. ಆ ದಿನ ನಾನು ಆಡಿದ ಒಂದೇ ಒಂದು ಸರಿಯಾದ ಮಾತು ಅದು. ಸಾಹೇಬರು ದಣಿದ ದನಿಯಲ್ಲಿ, ಸಾಕವಾ ಎಂದರು. ಮಾವ ಬೇರೆಯವರ ಕೈಗೆ ಗುದ್ದಲಿ ಕೊಡಲಿಲ್ಲ. ಒಂದೊಂದನ್ನೂ ತಾನೇ ಬೇರುಸಮೇತ ತೆಗೆದು ಸೈಕಲ್ ಸ್ಟ್ಯಾಂಡಿನ ಹಿಂದೆ ಗುಡ್ಡೆ ಹಾಕಿದ. ಹಸಿ ಗಿಡ, ಹೊತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ತಿಂಗಳ ಕೊನೆಗೆ ಪಾಸು ವಾಪಸ್ಸು ಕೊಡಲು ಹೇಳಿದ್ದರು. ಅವನು ಅವತ್ತೇ ಬಿಚ್ಚಿ ಗೇಟಿನ ಟೇಬಲ್ಲಿನ ಮೇಲಿಟ್ಟ.

ಮನೆಯ ಕಡೆ ನಡೆಯುವಾಗ ಮಾವ ಮುಂದಿದ್ದ. ರಸ್ತೆಯ ಪಕ್ಕ ನಿತ್ಯಪುಷ್ಪ ಗುಲಾಬಿ ಬಣ್ಣಕ್ಕೆ ಬೇಕಾದಷ್ಟು ಅರಳಿತ್ತು. ಅವನು ಆ ಕಡೆ ಈ ಕಡೆ ನೋಡಲಿಲ್ಲ. ನಾನೂ ಅತ್ತೆಯೂ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ಸಾಹೇಬರ ಮುಂದೆ ನಿಜ ಹೇಳುತ್ತೇನೆ, ರೋಗ ಎಂದದ್ದು ನೀನು ಎಂದೂ ಹೇಳುತ್ತೇನೆ, ನೀನಾದರೂ ಯಾಕೆ ಸುಳ್ಳಿಗೆ ಹೂಂ ಎಂದೆ ಅತ್ತೆ ಎಂದು ಅಳತೊಡಗಿದೆ.

ಅವಳು ನಡಿಗೆ ನಿಲ್ಲಿಸಲಿಲ್ಲ. ಸೆರಗಿನಿಂದ ನನ್ನ ಕೆನ್ನೆಗೆ ಹತ್ತಿದ್ದ ಬೂದಿ ಒರೆಸಿದಳು.

"ನಾನು ಮದ್ವೆಯಾಗಿ ಬಂದಾಗ್ನಿಂದ ಆವಯ್ಯ ಯೋಳಿರೋದು ಇದೊಂದೇ ಸುಳ್ಳು ಕಣವ್ವ," ಎಂದಳು. "ಅದುನ್ನೂ ಒಂಟಿಯಾಗಿ ಯೋಳಾಕೆ ಬಿಟ್ಬಿಡ್ಲಾ?"